ಹಳೆಯ ಯಂತ್ರ, ಹಗುರವಾದ ಹೊರೆ



ಈ ಪುಟಗಳಲ್ಲಿ ಪ್ರತಿ ತಿಂಗಳೂ ನಮ್ಮ ಲೇಖನವನ್ನು ಓದುವ ಭಕ್ತರಿಗೆ ಈ ಸಲದ ವಿಷಯವು ತುಸು ವಿಚಿತ್ರವೆನಿಸಬಹುದು. ಗಣಕಯಂತ್ರದ ಬಗೆಗೆ ಸ್ವಾಮಿಗಳಾದವರು ಬರೆಯುವುದೇನಿದೆ ಎಂದು ಕೆಲವರು ಹುಬ್ಬೇರಿಸಲೂಬಹುದು. ನಾವು ಆ ಶಾಸ್ತ್ರದ ಪಂಡಿತರಲ್ಲ. ಪಾಠಶಾಲೆಯಲ್ಲಿ ನಾವು ಕಲಿತದ್ದು ವ್ಯಾಕರಣ ಮತ್ತು ತರ್ಕ. ಧಾರವಾಡದಲ್ಲಿ ಓದಿದ್ದು ತತ್ತ್ವಶಾಸ್ತ್ರ. ಆದರೂ ನಮ್ಮ ಪ್ರಸಾದನಿಲಯದ ಒಂದು ಕೊಠಡಿಯಲ್ಲಿ ನಡೆದ ಸಂಗತಿಯನ್ನು ನಿಮಗೆ ತಿಳಿಸಬೇಕೆನಿಸಿದೆ. ಅದರಲ್ಲಿ ನಮ್ಮದೊಂದು ತಪ್ಪಿದೆ. ಅದೇ ತಪ್ಪು ನಿಮ್ಮಲ್ಲನೇಕರ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಇಂದು ನಡೆಯುವ ಸಂಭವವಿದೆ.

ಮೊದಲು ತಪ್ಪನ್ನೇ ಹೇಳಿಬಿಡುತ್ತೇವೆ. 2014ರ ಮಾತು. ಆಗ ಪ್ರಸಾದನಿಲಯದಲ್ಲಿ ಒಂಬತ್ತು ಗಣಕಯಂತ್ರಗಳಿದ್ದವು. ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಕಚೇರಿಯಲ್ಲಿ ಬಳಸಿ ಬಿಟ್ಟವುಗಳನ್ನು ಪ್ರೀತಿಯಿಂದ ತಂದುಕೊಟ್ಟಿದ್ದರು. ಅವೆಲ್ಲ ವಿಂಡೋಸ್ ಎಕ್ಸ್‌ಪಿ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದವು. ಆ ವರ್ಷದ ಏಪ್ರಿಲ್ 8ರಂದು ಎಕ್ಸ್‌ಪಿಗೆ ತಯಾರಕರ ಬೆಂಬಲ ನಿಂತುಹೋಯಿತು. ಅಂದರೆ ಅದರಲ್ಲಿ ಕಂಡುಬರುವ ದೋಷಗಳನ್ನು ಇನ್ನು ಮುಂದೆ ಯಾರೂ ತಿದ್ದಿ ಕೊಡುವುದಿಲ್ಲವೆಂದು ಅರ್ಥ. ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ತಂತ್ರಜ್ಞನನ್ನು ಕರೆಸಿ ಕೇಳಿದೆವು. ಆತನು ಒಮ್ಮೆ ನೋಡಿ, “ಇವುಗಳ ಆಯುಷ್ಯ ಮುಗೀತ್ರಿ” ಎಂದನು. ನಾವು ಮರುಮಾತಾಡಲಿಲ್ಲ. ಒಂಬತ್ತನ್ನೂ ಗುಜರಿಯವನಿಗೆ ತೂಕಕ್ಕೆ ಕೊಟ್ಟೆವು. ಬಂದ ಹಣದಲ್ಲಿ ಓದುವ ಕೊಠಡಿಗೆ ಎರಡು ಫ್ಯಾನುಗಳಾದವು.

ಮುಂದಿನ ಮೂರು ವರ್ಷ ಎಂಬತ್ತು ಹುಡುಗರಿಗೆ ಉಳಿದದ್ದು ಆಫೀಸಿನ ಎರಡು ಯಂತ್ರಗಳು ಮಾತ್ರ. ಕೀಲಿಮಣೆ ಮುಟ್ಟುವ ಸರದಿ ಒಬ್ಬೊಬ್ಬನಿಗೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಆ ದಿನಗಳಲ್ಲಿ ಇಲ್ಲಿದ್ದು, ಈಗ ಒಳ್ಳೆಯ ನೌಕರಿಯಲ್ಲಿರುವ ತರುಣನೊಬ್ಬ ಜಾತ್ರೆಗೆ ಬಂದಾಗ ನಮ್ಮೊಡನೆ ಹೇಳಿದನು: “ಡಿಪ್ಲೊಮಾಕ್ಕ ಸೇರಿದ ಮೊದಲನೇ ದಿವಸ ಎಲ್ಲಾರ ಬೆರಳೂ ಓಡ್ತಿದ್ವು, ಅಪ್ಪಾರ. ನಾನು ಒಂದೊಂದ ಅಕ್ಷರ ಹುಡುಕತಿದ್ದೆ.” ಆತನು ದೂರಿ ಹೇಳಿದ್ದಲ್ಲ, ನಕ್ಕು ಹೇಳಿದ್ದು. ಆದರೆ ನಮಗೆ ಆ ಎರಡು ಫ್ಯಾನುಗಳು ನೆನಪಿಗೆ ಬಂದವು.

ಇನ್ನೊಂದು ನಷ್ಟವಂತೂ ನಿಮಗೇ ಸಂಬಂಧಿಸಿದ್ದು. ಪ್ರಸಾದನಿಲಯದಲ್ಲಿದ್ದು ಹೋದ ವಿದ್ಯಾರ್ಥಿಗಳ ಹೆಸರು, ಊರು, ಇದ್ದ ವರ್ಷಗಳನ್ನು ಬರೆದ ದಪ್ಪನೆಯ ದಫ್ತರಗಳು ನಮ್ಮಲ್ಲಿವೆ. ಒಂದು ಬೇಸಿಗೆ ರಜೆಯಲ್ಲಿ ಇಬ್ಬರು ಹುಡುಗರು ಕುಳಿತು ಅವುಗಳನ್ನೆಲ್ಲ ಟೈಪು ಮಾಡಿದ್ದರು. ಅದು ಆ ಒಂಬತ್ತರಲ್ಲಿ ಒಂದು ಯಂತ್ರದ ಒಡಲಲ್ಲಿತ್ತು. ಪ್ರತಿ ತೆಗೆಯಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಯಂತ್ರದೊಡನೆ ಯಾದಿಯೂ ಗುಜರಿಗೆ ಹೋಯಿತು. ಕೆಲವು ವರ್ಷಗಳ ನಂತರ ಮೂಲ ದಫ್ತರಗಳ ಪೆಟ್ಟಿಗೆಗೆ ಗೆದ್ದಲು ಹಿಡಿಯಿತು.

ಈಗ 2025ಕ್ಕೆ ಬರೋಣ. ಅಷ್ಟರಲ್ಲಿ ಮತ್ತೆ ಭಕ್ತರ ಔದಾರ್ಯದಿಂದ ಹನ್ನೊಂದು ಯಂತ್ರಗಳು ಕೂಡಿದ್ದವು. ಎಂಟು ಕೋರ್ 2 ಡ್ಯುಯೊ ಪ್ರೊಸೆಸರಿನವು, ಒಂದೊಂದರಲ್ಲಿ 2 ಜಿಬಿ ರ‍್ಯಾಮ್. ಎರಡು ಅದಕ್ಕೂ ಹಿಂದಿನ ಪೆಂಟಿಯಂ 4. ಒಂದು 1 ಜಿಬಿ ರ‍್ಯಾಮಿನ ಸಣ್ಣ ಲ್ಯಾಪ್‌ಟಾಪು. ಹುಡುಗರು ಗುಂಡಿ ಒತ್ತಿ, ಹೋಗಿ ಮುಖ ತೊಳೆದು ಬಂದರೂ ತೆರೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತಿತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಇನ್ನೊಂದು ವರ್ಷದ ಭದ್ರತಾ ಪರಿಷ್ಕರಣೆಗಳ ಏರ್ಪಾಡೇನೋ ಇತ್ತು. ಆದರೆ ಅದು ಯಂತ್ರದ ನಿಧಾನಗತಿಗೆ ಮದ್ದಾಗಲಾರದು. ವಿಂಡೋಸ್ 11 ಆದರೋ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹಸ್ಥಳ, ಟಿಪಿಎಂ 2.0 ಎಂಬ ಭದ್ರತಾ ಸಾಧನ ಹಾಗೂ ತಾನು ಒಪ್ಪಿದ ಯಾದಿಯಲ್ಲಿರುವ ಪ್ರೊಸೆಸರು, ಇಷ್ಟಿದ್ದರೆ ಮಾತ್ರ ಒಳಗೆ ಬರುತ್ತದೆ. ನಮ್ಮ ಹನ್ನೊಂದರಲ್ಲಿ ಒಂದೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವಂತಿರಲಿಲ್ಲ. ಮತ್ತೊಬ್ಬ ತಂತ್ರಜ್ಞ ಬಂದು ಅದೇ ಹಳೆಯ ತೀರ್ಪನ್ನು ಕೊಟ್ಟನು. ಭಕ್ತರೊಬ್ಬರು ಮೂರು ಹೊಸ ಯಂತ್ರಗಳನ್ನು ಕೊಡಿಸುವೆನೆಂದು ಮುಂದೆ ಬಂದರು. ಹನ್ನೊಂದು ಹೋಗಿ ಮೂರು ಬಂದರೆ ಸರದಿ ಮತ್ತೆ ಎಷ್ಟು ದಿನಕ್ಕೊಮ್ಮೆ ಬಂದೀತೆಂದು ನಾವು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆವು.

ಆಗ ಮಠಕ್ಕೆ ಬಂದವನು ನಮ್ಮಲ್ಲಿಯೇ ಓದಿ, ಹುಬ್ಬಳ್ಳಿಯಲ್ಲಿ ಗಣಕಯಂತ್ರಗಳ ದುರಸ್ತಿ ಮಾಡಿಕೊಂಡಿರುವ ಒಬ್ಬ ಹುಡುಗ. ವಿಷಯ ಕೇಳಿ ಆತನೆಂದನು: “ಅಪ್ಪಾರ, ಒಂದು ಐತವಾರ ನನಗ ಕೊಡ್ರಿ. ಆಗಲಿಲ್ಲಂದ್ರ ನಾನ ಹೊತ್ತು ಗುಜರಿಗೆ ಹಾಕಿ ಬರ್ತೀನಿ.” ಈ ಸಲ ನಾವು ಅವಸರಿಸಲಿಲ್ಲ.

ಆತನು ಆ ದಿನ ನಮಗೆ ತಿಳಿಸಿಕೊಟ್ಟುದನ್ನು ನಮ್ಮ ಮಠದ ದಾಸೋಹದ ಮನೆಯ ಉಪಮಾನದಿಂದ ನಿಮ್ಮ ಮುಂದಿಡುತ್ತೇವೆ. ಗಣಕಯಂತ್ರದಲ್ಲಿ ಪ್ರೊಸೆಸರೆಂಬುದು ಅಡಿಗೆಯವನಿದ್ದಂತೆ. ಹಾರ್ಡ್ ಡಿಸ್ಕು ಉಗ್ರಾಣ. ಅಲ್ಲಿ ಎಲ್ಲವೂ ಮೂಟೆಮೂಟೆಯಾಗಿ ಬಿದ್ದಿರುತ್ತದೆ. ರ‍್ಯಾಮ್ ಎಂಬುದು ಪಂಕ್ತಿ ಕೂಡಿಸುವ ಪಡಸಾಲೆ. ಇವೆಲ್ಲವುಗಳ ಮೇಲೆ ಕಣ್ಣಿಟ್ಟು, ಯಾರಿಗೆ ಎಲ್ಲಿ ಎಡೆ, ಯಾವ ಪಾತ್ರೆ ಯಾರಿಗೆ ಎಂದು ನಿರ್ಣಯಿಸುವ ಪಾರುಪತ್ಯಗಾರನೇ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣ ವ್ಯವಸ್ಥೆ. ಪಾರುಪತ್ಯಗಾರನೇ ತನ್ನ ಮೇಜು, ಕುರ್ಚಿ, ಕಪಾಟು, ಪರಿವಾರಗಳೊಡನೆ ಪಡಸಾಲೆಯ ಮುಕ್ಕಾಲು ಭಾಗವನ್ನು ಆಕ್ರಮಿಸಿದರೆ ಉಣ್ಣಲು ಬಂದವರು ಕೂರುವುದೆಲ್ಲಿ? ಅವರನ್ನು ಉಗ್ರಾಣದಲ್ಲಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಕರೆದು ಕೂಡಿಸಿ ಎಬ್ಬಿಸಬೇಕಾಗುತ್ತದೆ. ರ‍್ಯಾಮ್ ಸಾಲದಾದಾಗ ಯಂತ್ರವು ಮಾಡುವುದು ಇದನ್ನೇ. ಹಾರ್ಡ್ ಡಿಸ್ಕಿನ ದೀಪವು ಬಿಡುವಿಲ್ಲದೆ ಮಿನುಗುವುದು, ತೆರೆಯ ಮೇಲಿನ ಚಕ್ರ ತಿರುಗುವುದು ಈ ಓಡಾಟದ ಲಕ್ಷಣಗಳು. ಅಡಿಗೆಯವನಿಗೆ ಶಕ್ತಿ ಕುಂದಿರುವುದಿಲ್ಲ. ಆತನಿಗೆ ಬಡಿಸಲು ಸ್ಥಳವಿರುವುದಿಲ್ಲ.

ಈ ಸ್ಥಳದ ಬೇಡಿಕೆ ಹೇಗೆ ಬೆಳೆಯಿತೆಂಬುದಕ್ಕೆ ತಯಾರಕರೇ ಪ್ರಕಟಿಸಿದ ಕನಿಷ್ಠ ಅಗತ್ಯಗಳನ್ನು ನೋಡಬಹುದು. 1995ರ ವಿಂಡೋಸ್ 95ಕ್ಕೆ 4 ಎಂಬಿ ರ‍್ಯಾಮ್ ಸಾಕಾಗಿತ್ತು. 2001ರ ಎಕ್ಸ್‌ಪಿಗೆ 64 ಎಂಬಿ ಬೇಕಾಯಿತು. 2009ರ ವಿಂಡೋಸ್ 7ಕ್ಕೆ 1 ಜಿಬಿ. 2021ರ ವಿಂಡೋಸ್ 11ಕ್ಕೆ 4 ಜಿಬಿ. ಇಪ್ಪತ್ತಾರು ವರ್ಷಗಳಲ್ಲಿ ಬೇಡಿಕೆ 1024 ಪಟ್ಟಾಯಿತು. ಇದೆಲ್ಲವೂ ದುಂದೆಂದು ಹೇಳಿದರೆ ಅನ್ಯಾಯವಾದೀತು. ಜಗತ್ತಿನ ಎಲ್ಲ ಲಿಪಿಗಳನ್ನು ತೋರಿಸುವುದು, ಕಳ್ಳತಂತ್ರಾಂಶಗಳಿಂದ ಕಾಯುವುದು, ನಿಚ್ಚಳವಾದ ದೊಡ್ಡ ತೆರೆಗಳನ್ನು ತುಂಬುವುದು, ಇವೆಲ್ಲಕ್ಕೂ ಸ್ಥಳ ಬೇಕು. ಆದರೆ ಒಂದು ಪತ್ರ ಬರೆಯುವ, ಒಂದು ಲೆಕ್ಕ ಹಾಕುವ, ಒಂದು ಪಾಠ ಓದುವ ಬಾಲಕನ ಕೆಲಸವು ಅಷ್ಟು ಪಟ್ಟು ಭಾರವಾಗಿಲ್ಲವೆಂಬುದೂ ಅಷ್ಟೇ ಸತ್ಯ.

ಹಾಗಾದರೆ ಕಡಿಮೆ ಪರಿವಾರದ ಪಾರುಪತ್ಯಗಾರನು ದೊರೆಯುವನೇ? ದೊರೆಯುವನು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವ ಸಂಕಲ್ಪವನ್ನು ಪ್ರಕಟಿಸಿದರು. ಅದಕ್ಕೆ ಗ್ನೂ ಎಂದು ಹೆಸರು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಹೊಂದುವ ತಿರುಳನ್ನು ಬರೆದನು, ಅದೇ ಲಿನಕ್ಸ್. ಇದರ ವಿಶೇಷವೇನೆಂದರೆ ಅದರ ಭಾಗಗಳು ಬಿಡಿಬಿಡಿಯಾಗಿವೆ. ತಿರುಳು ಬೇರೆ, ಕಿಟಕಿಗಳನ್ನು ತೆರೆಯುವ ಭಾಗ ಬೇರೆ, ಚಿತ್ರ ಬೇರೆ, ಧ್ವನಿ ಬೇರೆ. ಬೇಕಾದುದನ್ನಿಟ್ಟುಕೊಂಡು ಬೇಡವಾದುದನ್ನು ಬಿಡಬಹುದು. ಆದಕಾರಣ ಒಂದೇ ತಿರುಳಿನ ಸುತ್ತ ಭಾರವಾದ ವ್ಯವಸ್ಥೆಗಳನ್ನೂ ಕಟ್ಟಿದ್ದಾರೆ, ಹಗುರವಾದವನ್ನೂ ಕಟ್ಟಿದ್ದಾರೆ.

ಹಗುರವಾದವುಗಳಲ್ಲಿ ಕೆಲವನ್ನು ಹೆಸರಿಸುತ್ತೇವೆ. ಆಸ್ಟ್ರೇಲಿಯದ ಬ್ಯಾರಿ ಕೌಲರ್ ಎಂಬವರು 2003ರಲ್ಲಿ ಹೊರತಂದ ಪಪ್ಪಿ ಲಿನಕ್ಸ್ ತನ್ನನ್ನು ಪೂರ್ತಿಯಾಗಿ ರ‍್ಯಾಮಿಗೇ ಏರಿಸಿಕೊಳ್ಳಬಲ್ಲದು. ಹಾರ್ಡ್ ಡಿಸ್ಕು ಕೆಟ್ಟ ಯಂತ್ರವನ್ನೂ ಅದು ನಡೆಸುತ್ತದೆ. ಟೈನಿ ಕೋರ್ ಎಂಬುದರ ಮೂಲ ರೂಪವು ಮೂವತ್ತು ಎಂಬಿಗಿಂತಲೂ ಚಿಕ್ಕದು, ಎಂದರೆ ನಿಮ್ಮ ಮೊಬೈಲಿನಲ್ಲಿ ತೆಗೆದ ಏಳೆಂಟು ಚಿತ್ರಗಳಷ್ಟು. ಡೆಬಿಯನ್ ಎಂಬ ಹಿರಿಯ ವ್ಯವಸ್ಥೆಯ ತಳಹದಿಯ ಮೇಲೆ ಕಟ್ಟಿದ ಆಂಟಿಎಕ್ಸ್ ಇದೆ. ಉಬುಂಟುವಿನ ಹಗುರ ರೂಪವಾದ ಲುಬುಂಟು ಇದೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಎಂಬವು ವ್ಯವಸ್ಥೆಗಳಲ್ಲ, ತೆರೆಯ ಮೇಲಿನ ಅಂಗಳವನ್ನು ಸರಳವಾಗಿ ಅಣಿಗೊಳಿಸುವ ಭಾಗಗಳು. ಇವು ಯಾವುದಕ್ಕೂ ಹಣ ಕೊಡಬೇಕಾಗಿಲ್ಲ.

ಆ ರವಿವಾರ ನಡೆದುದನ್ನು ಕ್ರಮವಾಗಿ ಹೇಳುತ್ತೇವೆ. ನಿಮಗೂ ಉಪಯೋಗಕ್ಕೆ ಬಂದೀತು. ಆತನು ಮೊದಲು ಮಾಡಿದ ಕೆಲಸ, ಪ್ರತಿ ಯಂತ್ರದ ಕಡತಗಳನ್ನು ಹೊರಗೆ ಪ್ರತಿ ತೆಗೆದಿಟ್ಟದ್ದು. 2014ರಲ್ಲಿ ನಾವು ಮಾಡದೆ ಬಿಟ್ಟದ್ದು ಅದೇ. ಬಳಿಕ ಮುಚ್ಚಳ ತೆಗೆದು ಧೂಳು ಊದಿದನು. ಒಳಗಿನ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸಿದನು. ಈ ಚಿಕ್ಕ ಬ್ಯಾಟರಿ ಸತ್ತರೆ ಯಂತ್ರವು ಪ್ರತಿಸಲ ದಿನಾಂಕವನ್ನು ಮರೆತು ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಹೊಂದದೆ ಒಂದು ಪುಟವೂ ತೆರೆಯದು. ಅಂತರ್ಜಾಲವೇ ಕೆಟ್ಟಿದೆಯೆಂದು ನಾವು ತಿಂಗಳುಗಟ್ಟಲೆ ಭಾವಿಸಿದ್ದ ಒಂದು ಯಂತ್ರದ ರೋಗ ಇದಾಗಿತ್ತು.

ಅನಂತರ ಪೆನ್ ಡ್ರೈವಿನಲ್ಲಿ ತಂದಿದ್ದ ವ್ಯವಸ್ಥೆಯನ್ನು ಹಾರ್ಡ್ ಡಿಸ್ಕು ಮುಟ್ಟದೆಯೇ ನಡೆಸಿ ನೋಡಿದನು. ತೆರೆ, ಧ್ವನಿ, ಜಾಲ, ಪ್ರಿಂಟರು ಎಲ್ಲವೂ ಹೊಂದುವುವೋ ಇಲ್ಲವೋ ಎಂಬುದು ಸ್ಥಾಪಿಸುವ ಮೊದಲೇ ತಿಳಿಯುತ್ತದೆ. ಎಂಟರಲ್ಲಿ ಎರಡು ಯಂತ್ರಗಳ ಮದರ್‌ಬೋರ್ಡು ನಿಜವಾಗಿಯೇ ಸತ್ತಿತ್ತು. ಅವುಗಳ ರ‍್ಯಾಮ್ ಪಟ್ಟಿಗಳನ್ನು ಕಿತ್ತು ಬೇರೆ ಎರಡಕ್ಕೆ ಹಾಕಿದಾಗ ಅವು 4 ಜಿಬಿಯವಾದವು. ಎಲ್ಲ ಪಟ್ಟಿಗಳೂ ಎಲ್ಲ ಯಂತ್ರಗಳಿಗೆ ಹೊಂದವು. ಡಿಡಿಆರ್2, ಡಿಡಿಆರ್3 ಎಂಬ ಜಾತಿಗಳ ಕಚ್ಚು ಬೇರೆಬೇರೆ ಕಡೆಗಿರುತ್ತದೆ. ನಮ್ಮವು ಒಂದೇ ಬಗೆಯವಾದ್ದರಿಂದ ಕೆಲಸ ಸುಲಭವಾಯಿತು. ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಉಗ್ರಾಣದ ಓಡಾಟ ಅನೇಕ ಪಟ್ಟು ಚುರುಕಾಗುವುದೆಂದು ಆತನು ಹೇಳಿದನು. ಮೂರು ಹೊಸ ಯಂತ್ರ ಕೊಡಿಸಲು ಬಂದಿದ್ದ ಭಕ್ತರನ್ನು ಕೇಳಿದೆವು. ಅವರು ಸಂತೋಷದಿಂದ ಒಪ್ಪಿ, ಉಳಿದ ಆರಕ್ಕೂ ಎಸ್‌ಎಸ್‌ಡಿ ಕೊಡಿಸಿದರು. ಆರಕ್ಕೂ ಕೂಡಿ ತಗುಲಿದ್ದು ಒಂದು ಹೊಸ ಯಂತ್ರದ ಬೆಲೆಗಿಂತ ಬಹಳ ಕಡಿಮೆ.

ಆ ಆರು ಯಂತ್ರಗಳಿಗೆ ಎಲ್‌ಎಕ್ಸ್‌ಕ್ಯೂಟಿ ಅಂಗಳದ ಡೆಬಿಯನ್ ಬಂದಿತು. ಸಣ್ಣ ಲ್ಯಾಪ್‌ಟಾಪು 32 ಬಿಟ್ ಪ್ರೊಸೆಸರಿನದು. 2025ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 13, ಅಂಥ ಯಂತ್ರಗಳಿಗೆ ಸ್ಥಾಪನೆಯ ಏರ್ಪಾಡನ್ನು ಕೈಬಿಟ್ಟಿದೆ. ಆದ್ದರಿಂದ ಅದಕ್ಕೆ 32 ಬಿಟ್ ರೂಪವೂ ಇರುವ ಆಂಟಿಎಕ್ಸ್ 23 ಹಾಕಿದನು. ಸುಮ್ಮನೆ ನಿಂತಾಗ ಅದು ಬಳಸುತ್ತಿದ್ದ ರ‍್ಯಾಮ್ ಸುಮಾರು 200 ಎಂಬಿ. ಪಡಸಾಲೆಯ ಐದನೆಯ ಒಂದು ಭಾಗದಲ್ಲಿ ಪಾರುಪತ್ಯಗಾರನು ಕುಳಿತು, ಉಳಿದುದನ್ನೆಲ್ಲ ಉಣ್ಣುವವರಿಗೆ ಬಿಟ್ಟಿದ್ದನು.

ಅಂದು ಸಂಜೆ ಒಂದು ತೊಡಕು ಎದ್ದಿತು. ಮಠದ ಹಳೆಯ ಪತ್ರಗಳು, ನಮ್ಮ ಕೆಲವು ಉಪನ್ಯಾಸಗಳು ನುಡಿ ಮತ್ತು ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದವು. ಹೊಸ ವ್ಯವಸ್ಥೆಯಲ್ಲಿ ತೆರೆದಾಗ ಕನ್ನಡದ ಒಂದಕ್ಷರವೂ ಇಲ್ಲ. ಬರೀ ರೋಮನ್ ಅಕ್ಷರಗಳ, ಚಿಹ್ನೆಗಳ ರಾಶಿ. ನಮ್ಮ ಎದೆ ಧಸಕ್ಕೆಂದಿತು. ಕಾರಣ ಹೀಗಿದೆ: ಆ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿಟ್ಟಿದ್ದವು, ಫಾಂಟು ಇಲ್ಲದಿದ್ದರೆ ಅಡಿಯಲ್ಲಿರುವ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಪ್ರತಿ ಲಿಪಿಗೂ ಅದರದೇ ಸ್ಥಾನವನ್ನು ಕೊಟ್ಟ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ನಾವು ಅದನ್ನು ಬಳಸಲು ತಡಮಾಡಿದೆವು. ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತನೆಯಲ್ಲಿ ಅರ್ಕಾವತ್ತುಗಳೂ ಒತ್ತಕ್ಷರಗಳೂ ಅಲ್ಲಲ್ಲಿ ತಪ್ಪಿದವು. ಅವುಗಳನ್ನು ಹುಡುಗರು ಮೂಲದೊಡನೆ ಹೋಲಿಸಿ ಕೈಯಿಂದ ತಿದ್ದಿದರು. ಹೊಸದಾಗಿ ಟೈಪು ಮಾಡಲು ಐಬಸ್ ಎಂಬ ಸೌಲಭ್ಯದಲ್ಲಿ ನುಡಿಯವರಿಗೆ ಪರಿಚಿತವಾದ ಕೆಜಿಪಿ ಕೀಲಿವಿನ್ಯಾಸವೇ ದೊರೆಯುತ್ತದೆ. ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಫಾಂಟುಗಳೂ ಉಂಟು. ನಮ್ಮ ಆಫೀಸಿನ ಗುಮಾಸ್ತರ ಬೆರಳುಗಳಿಗೆ ಹೊಸದೇನನ್ನೂ ಕಲಿಯುವ ಕಷ್ಟ ಬರಲಿಲ್ಲ.

ಇಷ್ಟು ಓದಿ, ಹಳೆಯ ಯಂತ್ರಗಳೆಲ್ಲವೂ ಹೊಸದರಂತೆಯೇ ಆಗುವುವೆಂದು ನೀವು ಭಾವಿಸಬಾರದು. ಇದರ ಮಿತಿಗಳನ್ನೂ ಮುಚ್ಚದೆ ಹೇಳುವುದು ನಮ್ಮ ಕರ್ತವ್ಯ. ಪಾರುಪತ್ಯಗಾರನನ್ನು ಬದಲಿಸಬಹುದು, ಬರುವ ಅತಿಥಿಯ ಗಾತ್ರವನ್ನು ಬದಲಿಸಲಾಗದು. ಇಂದಿನ ಜಾಲಪುಟಗಳು ಬಹು ಭಾರವಾದವು. 1 ಜಿಬಿಯ ಲ್ಯಾಪ್‌ಟಾಪಿನಲ್ಲಿ ಎರಡನೆಯ ಪುಟ ತೆರೆಯುವಷ್ಟರಲ್ಲಿ ಏದುಸಿರು ಬರುತ್ತದೆ. ಈಗಿನ ವಿಡಿಯೊಗಳನ್ನು ಬಿಡಿಸಿ ತೋರಿಸುವ ಸಾಧನ ಹಳೆಯ ಯಂತ್ರಗಳ ಒಡಲಲ್ಲಿಲ್ಲ. ಆ ಭಾರವೆಲ್ಲ ಪ್ರೊಸೆಸರಿನ ಮೇಲೆಯೇ ಬಿದ್ದು ಚಿತ್ರ ತಡವರಿಸುತ್ತದೆ. 32 ಬಿಟ್ ಯಂತ್ರಗಳ ದಾರಿಯಂತೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಲಿನಕ್ಸ್‌ನ 32 ಬಿಟ್ ಯಂತ್ರಗಳಿಗೆ ಕ್ರೋಮ್ ಬ್ರೌಸರು 2016ರಲ್ಲಿಯೇ ನಿಂತಿತು. ಫೈರ್‌ಫಾಕ್ಸ್ ತನ್ನ 145ನೆಯ ಆವೃತ್ತಿಯಿಂದ, 2025ರ ನವೆಂಬರಿನಲ್ಲಿ, ಅವುಗಳನ್ನು ಬಿಟ್ಟಿತು. ಆದಕಾರಣ ಆ ಲ್ಯಾಪ್‌ಟಾಪನ್ನು ನಾವು ಜಾಲಕ್ಕೆ ಜೋಡಿಸದೆ, ಬರೆಯುವ ಕೆಲಸಕ್ಕೆ ಮಾತ್ರ ಇಟ್ಟಿದ್ದೇವೆ. ಹಳೆಯ ಯಂತ್ರವೆಂದರೆ ಹಳೆಯ ತಂತ್ರಾಂಶವೆಂದಲ್ಲ. ಬೆಂಬಲ ನಿಂತ ವ್ಯವಸ್ಥೆಯೊಡನೆ ಜಾಲದಲ್ಲಿ ತಿರುಗುವುದು, ಬಾಗಿಲಿಗೆ ಅಗಳಿ ಇಲ್ಲದ ಮನೆಯಲ್ಲಿ ಮಲಗಿದಂತೆ. ಹಗುರವಾಗಿರಬೇಕು, ಜೊತೆಗೆ ಪರಿಷ್ಕರಣೆಗಳು ಬರುತ್ತಲೂ ಇರಬೇಕು.

ಎರಡು ಪೆಂಟಿಯಂ 4 ಯಂತ್ರಗಳನ್ನು ಆತನೇ ಬೇಡವೆಂದನು. ಆ ಬಗೆಯ ಪ್ರೊಸೆಸರುಗಳಲ್ಲಿ ಹಲವು 80 ವ್ಯಾಟಿಗೂ ಮೀರಿ ಶಾಖವನ್ನು ಹೊಮ್ಮಿಸುವಂಥವು; ಕೆಲಸ ಕಡಿಮೆ, ಕರೆಂಟು ಹೆಚ್ಚು. ಅವುಗಳನ್ನೂ ಸತ್ತ ಬೋರ್ಡುಗಳನ್ನೂ ಈ ಸಲ ಗುಜರಿಗೆ ಹಾಕದೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಿದೆವು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ. ಉಳಿದುದರಲ್ಲಿನ ಸೀಸ, ಪಾದರಸಗಳು ಯಾರದೋ ಊರಿನ ಮಣ್ಣನ್ನೂ ನೀರನ್ನೂ ಸೇರುವ ಅಪಾಯವಿದೆ. ನಾವು 2014ರಲ್ಲಿ ಕೊಟ್ಟ ಒಂಬತ್ತು ಎಲ್ಲಿಗೆ ಸೇರಿದುವೋ, ಅವುಗಳನ್ನು ಒಡೆದ ಕೈಗಳು ಎಷ್ಟು ವಯಸ್ಸಿನವೋ, ನಾವು ಅಂದು ಕೇಳಲಿಲ್ಲ.

ವಾಚಕರೇ, ಯಂತ್ರಗಳೇನೋ ನಡೆದವು. ಆದರೆ ಆ ವಾರದಲ್ಲಿಯೇ ಹತ್ತನೆಯ ತರಗತಿಯ ಹುಡುಗನೊಬ್ಬ ಸಂಜೆಯ ಪ್ರಸಾದದ ಬಳಿಕ ಹಿಂದೆ ನಿಂತು ಕೇಳಿದನು: “ಅಪ್ಪಾರ, ಪ್ಯಾಟ್ಯಾಗಿನ ಹುಡುಗೂರಿಗೆ ಹೊಸಾವು. ನಮಗ ಯಾಕ ಅವರು ಬಿಟ್ಟ ಹಳೇವು?”

ತರ್ಕವನ್ನು ಓದಿದವರು ನಾವು. ಆದರೂ ಆ ಹೊತ್ತಿನಲ್ಲಿ ನಮ್ಮ ಬಳಿ ಉತ್ತರವಿರಲಿಲ್ಲ. ಮಿತವ್ಯಯದ ಮಾತು ಹೇಳಬಹುದಿತ್ತು, ಪರಿಸರದ ಮಾತು ಹೇಳಬಹುದಿತ್ತು. ಆದರೆ ಆ ಬಾಲಕನು ಕೇಳಿದ್ದು ಅದನ್ನಲ್ಲ. ಉಳ್ಳವರು ಹೊಸದನ್ನಿಟ್ಟುಕೊಂಡು, ಮಿತವ್ಯಯದ ಉಪದೇಶವನ್ನು ಇಲ್ಲದವರಿಗೆ ಕೊಡುವುದು ಸರಿಯೇ ಎಂಬುದು ಆತನ ಪ್ರಶ್ನೆಯ ತಿರುಳು. ಆತನ ಪ್ರಶ್ನೆ ನ್ಯಾಯವಾದುದು. ಕೊಡುವವನು ತನಗೆ ಬೇಡವಾದುದನ್ನು ಇಳಿಸಿಕೊಂಡು ಹಗುರವಾದರೆ ಅದು ದಾನವಾಗುವುದಿಲ್ಲ. ಪಡೆದವನ ಮೇಲೆ ಹೊರೆ ಇಳಿಸಿದಂತಾಗುತ್ತದೆ.

ಎರಡು ದಿನ ಯೋಚಿಸಿ ನಾವು ಎರಡು ಕೆಲಸ ಮಾಡಿದೆವು. ಮೊದಲನೆಯದಾಗಿ, ಅದೇ ಭಕ್ತರನ್ನು ಮತ್ತೆ ವಿನಂತಿಸಿಕೊಂಡು ಒಂದು ಹೊಸ ಯಂತ್ರವನ್ನು ಕೊಡಿಸಿದೆವು. ವಿಡಿಯೊ ಪಾಠ, ಚಿತ್ರವಿನ್ಯಾಸ ಮೊದಲಾದ ಭಾರವಾದ ಕೆಲಸಗಳಿಗೆ ಹಗುರ ವ್ಯವಸ್ಥೆಯನ್ನು ತೋರಿಸಿ ಸಮಾಧಾನ ಹೇಳುವುದು ಮೋಸವಾಗುತ್ತಿತ್ತು. ಎರಡನೆಯದಾಗಿ, ಕೇಳಿದ ಆ ಹುಡುಗನನ್ನೇ ಕರೆದು, ಮುಂದಿನ ರವಿವಾರ ಹುಬ್ಬಳ್ಳಿಯ ಅಣ್ಣನ ಜೊತೆಗೆ ಕೂಡಿಸಿದೆವು. ಇನ್ನೂ ಎರಡು ಯಂತ್ರಗಳಿಗೆ ವ್ಯವಸ್ಥೆ ಹಾಕುವುದು ಬಾಕಿಯಿತ್ತು. ಮೊದಲನೆಯದನ್ನು ಅಣ್ಣ ಹಾಕಿದನು, ಈತ ನೋಡಿದನು. ಎರಡನೆಯದನ್ನು ಈತ ಹಾಕಿದನು, ಅಣ್ಣ ಕೈಕಟ್ಟಿ ನಿಂತನು. ನಡುವೆ ಒಮ್ಮೆ ಡಿಸ್ಕಿನ ಹಂಚಿಕೆ ತಪ್ಪಿ ಮೊದಲಿನಿಂದ ಮಾಡಬೇಕಾಯಿತು. ಈಗ ಆ ಕೊಠಡಿಯ ಉಸ್ತುವಾರಿ ಆತನದೇ. ಪ್ರತಿ ಯಂತ್ರದ ಮೇಲೂ ಒಂದು ರಟ್ಟಿನ ಚೀಟಿ ಅಂಟಿಸಿ, ಅದರ ರ‍್ಯಾಮೆಷ್ಟು, ಯಾವ ವ್ಯವಸ್ಥೆ, ಕಡೆಯ ಪರಿಷ್ಕರಣೆ ಯಾವಾಗ ಎಂದು ತಾನೇ ಬರೆದಿದ್ದಾನೆ. ಹೊಸ ಯಂತ್ರದ ಮೇಲೂ ಅದೇ ಚೀಟಿ ಇದೆ. ಆತನ ಪ್ರಶ್ನೆಗೆ ನಾವು ಇಂದಿಗೂ ಬಾಯಿಂದ ಉತ್ತರ ಕೊಟ್ಟಿಲ್ಲ. ಆತನು ಮತ್ತೆ ಕೇಳಿಯೂ ಇಲ್ಲ. ಅದರಿಂದ ಪ್ರಶ್ನೆ ಮುಗಿಯಿತೆಂದು ನಾವು ತಿಳಿದಿಲ್ಲ.

ಈ ಅನುಭವದಿಂದ ನಮಗೆ ತಿಳಿದದ್ದನ್ನು ಹಳೆಯ ವಿದ್ಯಾರ್ಥಿಗಳಾದ ನಿಮ್ಮೆದುರು ವಿನಂತಿಯ ರೂಪದಲ್ಲಿ ಇಡುತ್ತೇವೆ. ಒಂದು ಯಂತ್ರವು ನಿಧಾನವಾಯಿತೆಂದಾಗ, ಅದು ಯಾವ ಕೆಲಸಕ್ಕೆ ಬೇಕು ಎಂಬುದನ್ನು ಮೊದಲು ಕೇಳಿರಿ. ಎಷ್ಟು ಹಳೆಯದು ಎಂಬುದು ಎರಡನೆಯ ಪ್ರಶ್ನೆ. ಪೆನ್ ಡ್ರೈವಿನಿಂದ ಒಂದು ಹಗುರ ವ್ಯವಸ್ಥೆಯನ್ನು ನಡೆಸಿ ನೋಡಲು ಒಂದು ಮಧ್ಯಾಹ್ನ ಸಾಕು. ಮಠಕ್ಕೋ ಶಾಲೆಗೋ ಕೊಡುವುದಾದರೆ 64 ಬಿಟ್ ಪ್ರೊಸೆಸರು, ಸಾಧ್ಯವಾದರೆ 4 ಜಿಬಿ ರ‍್ಯಾಮ್ ಇರುವುದನ್ನು ಕೊಡಿರಿ. ನಡೆಯುವ ಸ್ಥಿತಿಯಲ್ಲಿ, ಚಾರ್ಜರಿನ ಸಮೇತ, ನಿಮ್ಮ ಸ್ವಂತ ಕಡತಗಳನ್ನು ಪೂರ್ತಿ ಅಳಿಸಿ ಕೊಡಿರಿ. ಕಳಿಸುವ ಮೊದಲು, ಬೇಕೇ ಎಂದು ಕೇಳಿರಿ. ಇವೆಲ್ಲಕ್ಕಿಂತ ಹೆಚ್ಚಾಗಿ, ವರ್ಷಕ್ಕೆರಡು ರವಿವಾರಗಳನ್ನು ಕೊಡಿರಿ. ಹುಬ್ಬಳ್ಳಿಯ ಆ ತರುಣನು ನಮಗೆ ಯಂತ್ರವನ್ನು ಕೊಡಲಿಲ್ಲ. ಕೈಯನ್ನು ಕೊಟ್ಟನು, ಅದರಿಂದ ಏಳು ಯಂತ್ರಗಳು ಉಳಿದವು.

ಕೊನೆಯದಾಗಿ ಒಂದು ಸ್ವಂತ ಬೇಡಿಕೆ. ಆ 1 ಜಿಬಿಯ ಸಣ್ಣ ಲ್ಯಾಪ್‌ಟಾಪಿನಲ್ಲಿ ಹುಡುಗರು ಈಗ ಪ್ರಸಾದನಿಲಯದ ದಫ್ತರಗಳನ್ನು ಮತ್ತೆ ಟೈಪು ಮಾಡುತ್ತಿದ್ದಾರೆ, ಈ ಸಲ ಯೂನಿಕೋಡಿನಲ್ಲಿ. ಪ್ರತಿ ರವಿವಾರ ಎರಡು ಪ್ರತಿ ತೆಗೆದು ಬೇರೆಬೇರೆ ಕಡೆ ಇಡುತ್ತಾರೆ. ಹೆಸರು, ಊರು, ವರ್ಷಗಳನ್ನು ಬರೆದಿಡುವುದಕ್ಕೆ ಆ ಯಂತ್ರಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಆದರೆ 1971ರಿಂದ 1978ರವರೆಗಿನ ಪುಟಗಳು ಗೆದ್ದಲಿನ ಪಾಲಾಗಿವೆ. ಅವುಗಳನ್ನು ಯಾವ ತಂತ್ರಾಂಶವೂ ಮರಳಿಸಲಾರದು. ಆ ವರ್ಷಗಳಲ್ಲಿ ಇಲ್ಲಿದ್ದವರು ನಿಮ್ಮ ಹೆಸರು, ಊರು, ಇದ್ದ ವರ್ಷಗಳನ್ನೂ, ಜೊತೆಗಿದ್ದವರಲ್ಲಿ ನೆನಪಿದ್ದವರ ಹೆಸರುಗಳನ್ನೂ ಒಂದು ಕಾಗದದಲ್ಲಿ ಬರೆದು ಮಠದ ವಿಳಾಸಕ್ಕೆ ಕಳುಹಿಸಿರಿ. ಇಲ್ಲವಾದವರ ಹೆಸರುಗಳನ್ನು ಮರೆಯದೆ ಬರೆಯಿರಿ. ಅವರ ಪರವಾಗಿ ಬರೆಯಲು ನೀವಲ್ಲದೆ ಬೇರಾರೂ ಉಳಿದಿಲ್ಲ.